1840ರ ಬೆಳ್ಳಿ ರೂಪಾಯಿ: ಮ್ಯಾಗ್ನೆಟ್ ನಂಬಬೇಡಿ, ನೀರಿನಲ್ಲಿ ತೂಗಿ

ಸೋಮವಾರಪೇಟೆಯ ಸ್ನೇಹಿತರೇ, ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಕಂಡ 1840ರ ವಿಕ್ಟೋರಿಯಾ ರೂಪಾಯಿ ಮಾರುವವರ ವಿಡಿಯೊದಲ್ಲಿ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ, ಹಾಗಾದರೆ ಅಸಲಿಯೇ ಎಂದು ಕೇಳಿದ್ದೀರಿ. ತಾಮ್ರ, ಹಿತ್ತಾಳೆಯೂ ಅಂಟುವುದಿಲ್ಲ; ಆ ವಿಡಿಯೊದಿಂದ ಏನೂ ಸಾಬೀತಾಗದು.

ಅಸಲಿಯ ತೂಕ 11.66 ಗ್ರಾಂ, ಬೆಳ್ಳಿ 91.7%. ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ, ಹಾಗಾಗಿ ಬರೀ ತೂಕ ಸಾಲದು. 0.01 ಗ್ರಾಂವರೆಗೆ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಿಗುವ ಸಾಂದ್ರತೆ ಸುಮಾರು 10.3 ಇರಬೇಕು. 9ಕ್ಕಿಂತ ಕೆಳಗಿದ್ದರೆ ನಕಲಿ. ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಒರೆಸಿ ಮತ್ತೆ ನೋಡಿ.

ಕೊಳ್ಳುವ ಮೊದಲೇ ಅಂಚಿನದೂ ಎರಡೂ ಮುಖಗಳದೂ ಫೋಟೊ ಕೇಳಿ. ಅಂಚಿನ ಸುತ್ತಲೂ ಬೆಸುಗೆಯಂಥ ಗೆರೆ, ಅರದಿಂದ ಉಜ್ಜಿದ ಗುರುತು, ಅಕ್ಷರಗಳ ನಡುವೆ ಸೂಜಿಮೊನೆಯ ಕುಳಿಗಳು ಇದ್ದರೆ ಅದು ಅಚ್ಚೊತ್ತಿದ್ದಲ್ಲ, ಎರಕ ಹೊಯ್ದ ನಕಲಿ. ಒಡವೆಯಿಂದ ಬಿಚ್ಚಿದ ನಾಣ್ಯದಲ್ಲಿ ಕೊಕ್ಕೆಯ ಬೆಸುಗೆ ಇರಬಹುದು. ಅದು ಅಸಲಿಯೇ ಆಗಿರಬಹುದು, ಆದರೆ ಬೆಲೆ ಇಳಿಯಲೇಬೇಕು.

ಮಾರುವವರು ಜೊತೆಗೆ ತೋರಿಸಿದ್ದಾರೆಂದು ನೀವು ಹೇಳಿದ 1818ರ ರಾಮ-ಸೀತೆಯ ಆಣೆಯನ್ನು ಈಸ್ಟ್ ಇಂಡಿಯಾ ಕಂಪನಿ ಹೊರಡಿಸಿದ್ದೇ ಇಲ್ಲ. ಅದನ್ನು ಅಸಲಿ ಎಂದು ಮಾರುವವರಿಂದ ರೂಪಾಯಿಯನ್ನೂ ಕೊಳ್ಳಬೇಡಿ.