ಹ್ಯಾಲೋವೀನ್ ರಾತ್ರಿ ಯಾವ ಹಾರರ್ ಸಿನಿಮಾಕ್ಕೆ ಯಾವ ಪಂಪ್ಕಿನ್ (ಕುಂಬಳಕಾಯಿ) ಬಿಯರ್ ಹೊಂದುತ್ತದೆ?

ಸಿನಿಮಾದ ಓಟ ನೋಡಿ ಬಿಯರ್ ಆರಿಸಿ. 1978ರ ‘ಹ್ಯಾಲೋವೀನ್’ ಸುಮಾರು ಒಂದೂವರೆ ಗಂಟೆಯದು, ಬಿಗಿಯಾಗಿ ಸಾಗುತ್ತದೆ. ಅದಕ್ಕೆ ಅಮೆರಿಕದ ಬಿಯರ್ ಕಂಪನಿ ಡಾಗ್‌ಫಿಶ್ ಹೆಡ್‌ನ ‘ಪಂಕಿನ್ ಏಲ್’ (7% ಆಲ್ಕೋಹಾಲ್) ಸರಿ: ಕಂದು ಸಕ್ಕರೆ, ದಾಲ್ಚಿನ್ನಿ, ಜಾಯಿಕಾಯಿ ಇದ್ದರೂ ಅತಿ ಸಿಹಿಯಲ್ಲ. 355 ಮಿ.ಲೀ.ನ ಒಂದು ಬಾಟಲಿ ಸಾಕು.

‘ದ ಶೈನಿಂಗ್’ (1980) ಎರಡು ಗಂಟೆಗೂ ಹೆಚ್ಚು, ನಿಧಾನವಾಗಿ ಮೈಗೇರುವ ಭಯ. ಅಲ್ಲಿನದೇ ಇನ್ನೊಂದು ಕಂಪನಿ ಸದರ್ನ್ ಟಿಯರ್‌ನ ‘ಪಂಪ್‌ಕಿಂಗ್’ (8.6%) ಅದರ ಜೋಡಿ. ಒಂದನ್ನೇ ಇಬ್ಬರು ಹಂಚಿಕೊಂಡು ಗುಟುಕರಿಸಿ. ಗ್ಲಾಸು ಬಿಸಿಯಾದಂತೆ ವೆನಿಲಾ ಪರಿಮಳ ಬಿಚ್ಚಿಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಇಲ್ಲೇ: 4 ಡಿಗ್ರಿಯ ಫ್ರಿಜ್‌ನಿಂದ ನೇರ ಗ್ಲಾಸಿಗೆ ಸುರಿಯುತ್ತಾರೆ. ಅಷ್ಟು ತಣ್ಣಗಿದ್ದರೆ ಮಸಾಲೆಯ ವಾಸನೆಯೇ ಏಳದು. ಸ್ವಲ್ಪ ಹೊತ್ತು ಮೊದಲೇ ಹೊರಗಿಡಿ, 10–12 ಡಿಗ್ರಿಗೆ ಬರಲಿ. ಜೊತೆಗೆ ಕ್ಯಾರಮೆಲ್ ಪಾಪ್‌ಕಾರ್ನ್ ಬೇಡ, ಸಿಹಿಯ ಮೇಲೆ ಸಿಹಿ ಬಿದ್ದು ಬಾಯಿ ಕಟ್ಟುತ್ತದೆ; ಉಪ್ಪಿನದು ಇರಲಿ. ಅಂದಹಾಗೆ, ಕುಂಬಳಕ್ಕೆ ಸ್ವಂತ ರುಚಿ ಅಷ್ಟಕ್ಕಷ್ಟೆ, ನಾಲಿಗೆಗೆ ಸಿಗುವುದು ಕುಂಬಳದ ಪೈ ಎಂಬ ಸಿಹಿ ತಿನಿಸಿಗೆ ಹಾಕುವ ದಾಲ್ಚಿನ್ನಿ, ಜಾಯಿಕಾಯಿಯಂಥ ಮಸಾಲೆ. ಅದು ಬೇಗ ಮಂಕಾಗುವುದರಿಂದ ಕಳೆದ ವರ್ಷದ ಬಾಟಲಿ ಕೊಳ್ಳಬೇಡಿ.