ಪಾಸ್‌ವರ್ಡ್ ಹಾಕಿದರೂ ನಿದ್ದೆ ಬರಲಿಲ್ಲ

(ಗುರುತು ಸಿಗದ ಹಾಗೆ ಊರು, ಕೆಲಸದ ವಿವರ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬಂದವರೇ ಕೈಲಿದ್ದ ಹಳೇ ಡೈರಿಯನ್ನು ನನ್ನ ಮೇಜಿನ ಮೇಲಿಟ್ಟರು. "ಇದರಲ್ಲಿ 41 ಪಾಸ್‌ವರ್ಡ್ ಬರೆದಿಟ್ಟಿದ್ದೀನಿ ಮೇಡಂ. ಬೇಕಾಗಿರೋದು ಮಾತ್ರ ಇಲ್ಲ."

ವಯಸ್ಸು 36. ಸಹಕಾರ ಸಂಘವೊಂದರಲ್ಲಿ ಕ್ಲರ್ಕ್. ಒಂಬತ್ತು ವರ್ಷದಲ್ಲಿ ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವರಲ್ಲ. ಹೋದ ವರ್ಷ ಸಭೆಯ ನಡಾವಳಿಯನ್ನು ವರ್ಡ್‌ನಲ್ಲಿ ಟೈಪ್ ಮಾಡಿ, ತಪ್ಪಿದ್ದರೆ ಹೇಳಲಿ ಅಂತ ನಿರ್ದೇಶಕರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಮುಂದಿನ ಸಭೆಗೆ ಯಾರೋ ತಂದ ಪ್ರಿಂಟ್‌ನಲ್ಲಿ ರಿಪೇರಿ ಖರ್ಚು 48,500 ಇದ್ದದ್ದು 84,500 ಆಗಿತ್ತು. "ಟೈಪ್ ಮಾಡಿದ್ದು ನೀನೇ ಅಲ್ವೇನಮ್ಮಾ?" ಅಂತ ಒಬ್ಬರು ಕೇಳಿದರು. ಉಳಿದವರು ಸುಮ್ಮನಿದ್ದರು. ಆ ಸುಮ್ಮನಿದ್ದದ್ದೇ ಇವರನ್ನು ಜಾಸ್ತಿ ಚುಚ್ಚಿತ್ತು.

ಅಲ್ಲಿಂದ ಕಂಡ ಕಂಡ ಫೈಲಿಗೆಲ್ಲ ಪಾಸ್‌ವರ್ಡ್. ರಜಾ ಅರ್ಜಿಗೆ, ಮಗನ ಫೀಸ್ ರಸೀದಿಗೆ, ಕೊನೆಗೆ ಹಬ್ಬದ ಸಾಮಾನಿನ ಪಟ್ಟಿಗೂ. ರಾತ್ರಿ ಎರಡಕ್ಕೆ ಎದ್ದು ಒಂದೊಂದೇ ಫೈಲ್ ತೆರೆದು ಬೀಗ ಬಿದ್ದಿದೆಯಾ ಅಂತ ನೋಡೋದು. ಹೀಗಿರುವಾಗ ಸದಸ್ಯರ ಷೇರು ಪಟ್ಟಿಯ ಎಕ್ಸೆಲ್‌ಗೆ ಹಾಕಿದ ಪಾಸ್‌ವರ್ಡ್ ಮರೆತೇ ಹೋಯಿತು. ಸಂಘದಲ್ಲಿ ಇನ್ನೂ ಹೇಳಿರಲಿಲ್ಲ.

"ಗುಂಪಿಗೆ ನೀವು ಕಳಿಸಿದ ಫೈಲ್ ಈಗಲೂ ಫೋನಲ್ಲಿ ಇದೆಯಾ?" ಅಂತ ಕೇಳಿದೆ. ಇತ್ತು. ಇಷ್ಟು ತಿಂಗಳಾದರೂ ತೆರೆದು ನೋಡುವ ಧೈರ್ಯ ಬಂದಿರಲಿಲ್ಲ. ತಪ್ಪು ತಮ್ಮದೇ ಆಗಿದ್ದರೆ? ನನ್ನೆದುರೇ ತೆರೆದರು. ಎರಡನೇ ಪುಟ, 48,500. ಆಮೇಲೆ ಹತ್ತು ನಿಮಿಷ ಅತ್ತರು. ನಾನು ನೀರು ತಂದಿಟ್ಟು ಸುಮ್ಮನೆ ಕೂತೆ.

ಎರಡನೇ ಸಲ ಲ್ಯಾಪ್‌ಟಾಪ್ ತನ್ನಿ ಅಂದಿದ್ದೆ. ನಾನು ಕಂಪ್ಯೂಟರ್ ಪಂಡಿತೆಯಲ್ಲ. ಆದರೆ ಭಯಕ್ಕೂ ಬೀಗಕ್ಕೂ ಹೊಂದಿಕೆ ಇದೆಯಾ ಅಂತ ನೋಡಬೇಕಿತ್ತು. ಒಂದೊಂದು ಫೈಲಿಗೂ ಒಂದೇ ಪ್ರಶ್ನೆ: ಇದನ್ನು ಯಾರಾದರೂ ನೋಡಿಬಿಡ್ತಾರೆ ಅಂತ ಭಯವೋ, ತಿದ್ದಿಬಿಡ್ತಾರೆ ಅಂತಲೋ? ನಡಾವಳಿಯನ್ನು ಎಲ್ಲರೂ ನೋಡಲೇಬೇಕು. ತಿದ್ದಬಾರದು, ಅಷ್ಟೇ. ಷೇರು ಪಟ್ಟಿ ಹಾಗಲ್ಲ. ಅದರಲ್ಲಿ ಜನರ ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಇದೆ. 41ರಲ್ಲಿ ನಿಜವಾಗಿ ಬೀಗ ಬೇಕಿದ್ದದ್ದು ಮೂರಕ್ಕೆ.

ವರ್ಡ್‌ನಲ್ಲಿ 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್' ಅಂದರೆ ಬಾಗಿಲಿಗೇ ಬೀಗ. ಪಾಸ್‌ವರ್ಡ್ ಮರೆತರೆ ಮೈಕ್ರೋಸಾಫ್ಟ್ ಕೂಡ ತೆಗೆದುಕೊಡೋದಿಲ್ಲ. 'ರಿಸ್ಟ್ರಿಕ್ಟ್ ಎಡಿಟಿಂಗ್' ಬೇರೆ. ಅಲ್ಲಿ ಓದಬಹುದು, ತಿದ್ದಲು ಬಿಡೋದಿಲ್ಲ. ಕೈತಪ್ಪಿ ಅಂಕಿ ಬದಲಾಗೋದನ್ನು ಇದು ತಡೆಯುತ್ತೆ. ಬೇಕಂತಲೇ ತಿದ್ದುವವರು ಕಾಪಿ ಮಾಡಿ ಹೊಸ ಫೈಲಿಗೆ ಹಾಕಿಕೊಂಡಾರು. ಇದನ್ನು ಹೇಳಲೋ ಬೇಡವೋ ಅಂತ ಯೋಚಿಸಿದೆ. ಹೇಳಿದೆ. ಸುಳ್ಳು ಧೈರ್ಯ ಕೊಟ್ಟರೆ ಎರಡು ತಿಂಗಳಲ್ಲಿ ಮತ್ತೆ ಇಲ್ಲೇ ಬರ್ತಾರೆ.

ಹಾಗಾಗಿ ಸಲಹೆ ಹೀಗಿತ್ತು. ಕರಡು ಕಳಿಸುವಾಗ ಅದೇ ರಿಸ್ಟ್ರಿಕ್ಟ್ ಎಡಿಟಿಂಗ್‌ನಲ್ಲಿ 'ಟ್ರ್ಯಾಕ್ಡ್ ಚೇಂಜಸ್' ಆರಿಸಿ. ತಿದ್ದಿದ್ದೆಲ್ಲ ಗುರುತಾಗಿ ಕಾಣುತ್ತೆ. ಒಪ್ಪಿಗೆಯಾದ ನಡಾವಳಿಯನ್ನು ಪಿಡಿಎಫ್ ಮಾಡಿ ಕಳಿಸಿ. ವಾದ ಬಂದರೆ ಅಧ್ಯಕ್ಷರ ಸಹಿ ಇರುವ ನಡಾವಳಿ ಪುಸ್ತಕ ತೋರಿಸಿ. ಷೇರು ಪಟ್ಟಿಗೆ ಇನ್ನು ಮುಂದೆ ಹಾಕುವ ಪಾಸ್‌ವರ್ಡ್ ಬರೆದು, ಲಕೋಟೆ ಅಂಟಿಸಿ, ಸಂಘದ ತಿಜೋರಿಯಲ್ಲಿಡಿ. ಯಾರಿಗಾದರೂ ಕೊಡಲೇಬೇಕಾದರೆ ಫೋನ್ ಮಾಡಿ ಹೇಳಿ, ಫೈಲ್ ಕಳಿಸಿದ ಗುಂಪಿಗೇ ಹಾಕಬೇಡಿ. ಹೆಸರು, ಹುಟ್ಟಿದ ವರ್ಷ ಸೇರಿಸಿ ಪಾಸ್‌ವರ್ಡ್ ಮಾಡಬೇಡಿ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ ಅಂತ ಊರಿಗೇ ಗೊತ್ತಲ್ಲ!

ಬೀಗ ಒಡೆದುಕೊಡ್ತೀವಿ ಅಂದ ಅಂಗಡಿಗೆ ಆ ಎಕ್ಸೆಲ್ ಕೊಡಬೇಡಿ ಅಂದೆ. ಅಷ್ಟೂ ಸದಸ್ಯರ ವಿವರ ಪರರ ಕೈ ಸೇರುತ್ತೆ. ಕಾರ್ಯದರ್ಶಿಗೆ ಮೊದಲು ಹೇಳಿ ಅಂದದ್ದಕ್ಕೆ ಒಂದು ವಾರ ತಗೊಂಡರು. ಕಾರ್ಯದರ್ಶಿ ಬೈಯಲಿಲ್ಲವಂತೆ. ಆಡಿಟರಿಗೆ ಮೇಲ್ ಮಾಡಿದ್ದ ಹಳೇ ಪ್ರತಿ ಸಿಕ್ಕಿತು. ಆಮೇಲಿನ ಮೂರು ತಿಂಗಳ ಲೆಕ್ಕವನ್ನು ರಸೀದಿ ಪುಸ್ತಕ ನೋಡಿ ಇಬ್ಬರೂ ಕೂತು ಹತ್ತಿಸಿದರು. 48,500ರ ಮೂಲ ಫೈಲನ್ನೂ ಸಭೆಯಲ್ಲಿ ತೋರಿಸಿದರು. ಬದಲಾಯಿಸಿದ್ದು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ.

ರಾತ್ರಿ ಏಳುವ ಚಾಳಿ ಇಷ್ಟು ಬೇಗ ಹೋಗಲಿಲ್ಲ. ಶನಿವಾರ ಸಂಜೆ ಮಾತ್ರ ಫೈಲ್ ನೋಡುವುದು, ಉಳಿದ ದಿನ ಲ್ಯಾಪ್‌ಟಾಪ್ ಗಂಡನ ಬೀರುವಿನಲ್ಲಿ ಅಂತ ಒಪ್ಪಂದವಾಯಿತು. ತೀರಾ ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂದಿದ್ದೆ. ಎರಡು ಸಲ ಮಾಡಿದ್ದರಂತೆ. ಇದೂ ಸಾಲದಿದ್ದರೆ ಮನೋವೈದ್ಯರ ಹತ್ತಿರ ಕಳಿಸೋದು ಅಂದುಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಐದನೇ ಸಲ ಬಂದಾಗ ಡೈರಿ ಇರಲಿಲ್ಲ. ಹಬ್ಬದ ಪಟ್ಟಿಯ ಪಾಸ್‌ವರ್ಡ್ ತೆಗೆದಿದ್ದರು. "ನಮ್ಮನೆಯವರು ಅದರಲ್ಲಿ ಒಂದು ಕೆಜಿ ಗೋಡಂಬಿ ಸೇರಿಸಿಬಿಟ್ಟಿದ್ದಾರೆ ಮೇಡಂ" ಅಂತ ನಕ್ಕರು. "ಅಳಿಸೋಕೆ ಹೋಗಲಿಲ್ಲ. ಕಾಲು ಕೆಜಿ ತಂದೆ."