ತೊಗರಿ ಕುಡಿ ಚಿಗುರುತ್ತದೆ, ಆಡಿನ ಕಿವಿ ಯಾಕೆ ಚಿಗುರುವುದಿಲ್ಲ?

ಲಿಂಗಸುಗೂರು ತಾಲ್ಲೂಕಿನ ರೈತ ಓದುಗರೊಬ್ಬರ ಪತ್ರ: “ತೊಗರಿ ಕುಡಿ ಚಿವುಟಿದರೆ ಒಂದಿದ್ದದ್ದು ನಾಲ್ಕು ಕವಲಾಗುತ್ತದೆ. ಗುರುತಿಗೆಂದು ಆಡಿನ ಕಿವಿ ಕತ್ತರಿಸಿದರೆ ಅದು ಸಾಯುವ ತನಕ ಹಾಗೇ ಇರುತ್ತದೆ. ಪಿಯುಸಿ ಓದುವ ಮಗಳನ್ನು ಕೇಳಿದೆ. ಎರಡೂ ಆಗಿರುವುದು ಜೀವಕೋಶದಿಂದಲೇ, ಕೋಶ ಬೆಳೆದು ಎರಡಾಗುತ್ತದೆ ಅಂದಳು. ಹಾಗಾದರೆ ಈ ಭೇದ ಯಾಕೆ? ಇನ್ನೊಂದು ಮಾತು. ಗೊಬ್ಬರದ ಅಂಗಡಿಯವರು ಹತ್ತಿಗೆ ಒಂದು ಟಾನಿಕ್ ಕೊಟ್ಟು, ಕೋಶ ಜಾಸ್ತಿ ಮಾಡುತ್ತೆ ಅಂದರು. ಹೊಡೆಯಲೋ ಬೇಡವೋ?”

ಸಂಪಾದಕರ ಉತ್ತರ:

ಮೊದಲು ನಿಮ್ಮ ತೊಗರಿಗೇ ಬರೋಣ. ಚಿವುಟಿದ ಕುಡಿ ಮತ್ತೆ ಬೆಳೆದಿಲ್ಲ, ಗಮನಿಸಿದ್ದೀರಾ? ಚಿವುಟಿದ ಜಾಗ ಒಣಗಿ ಮೊಂಡಾಗಿಯೇ ಉಳಿದಿರುತ್ತದೆ. ಕವಲು ಬಂದದ್ದು ಅದರ ಕೆಳಗಿನ ಎಲೆಗಳ ಕಂಕುಳಿಂದ. ಅಲ್ಲಿ ಮೊಗ್ಗುಗಳು ಮೊದಲೇ ಇದ್ದವು. ತುದಿಯ ಕುಡಿ ಆಕ್ಸಿನ್ ಅನ್ನುವ ಹಾರ್ಮೋನನ್ನು ಕೆಳಗೆ ಕಳಿಸುತ್ತಾ ಅವು ಏಳದಂತೆ ತಡೆದಿತ್ತು. ಕುಡಿ ಹೋಯಿತು, ತಡೆಯೂ ಹೋಯಿತು. ಅಂದರೆ ಕಳೆದುಕೊಂಡದ್ದನ್ನು ಅಲ್ಲೇ ಮತ್ತೆ ಕಟ್ಟಿಕೊಳ್ಳುವುದರಲ್ಲಿ ತೊಗರಿಯೂ ನಿಮ್ಮ ಆಡಿಗಿಂತ ಜಾಣ ಏನಲ್ಲ. ಕಾಯುತ್ತಾ ಕೂತ ಮೊಗ್ಗುಗಳು ಅದಕ್ಕಿವೆ, ಆಡಿನ ಕಿವಿಗೆ ಇಲ್ಲ.

ಗಿಡ ಹೀಗೆ ಮೊಗ್ಗು ಇಟ್ಟುಕೊಳ್ಳುವುದಕ್ಕೆ ಕಾರಣ ಉಂಟು. ಗಿಡದ ಪ್ರತಿ ಕೋಶದ ಸುತ್ತ ಸೆಲ್ಯುಲೋಸ್ ಅನ್ನುವ ನಾರಿನ ವಸ್ತುವಿನ ಗೋಡೆ ಇದೆ. ಪಕ್ಕದ ಕೋಶದ ಗೋಡೆಗೆ ಅದು ಅಂಟಿಕೊಂಡಿದೆ. ಕೋಶ ಜಾಗ ಬಿಟ್ಟು ಕದಲುವಂತಿಲ್ಲ. ಹಾಗಾಗಿ ಹೊಸ ಕೋಶ ಹುಟ್ಟಿಸುವ ಕೆಲಸ ಕುಡಿ, ಬೇರಿನ ತುದಿ, ತೊಗಟೆಯ ಒಳಗಿನ ತೆಳು ಪದರ, ಇಂಥ ಕೆಲವೇ ಜಾಗಗಳಲ್ಲಿ ನಡೆಯುತ್ತದೆ. ಬೇವಿನ ಮರಕ್ಕೆ ನಾಲ್ಕು ಅಡಿ ಎತ್ತರದಲ್ಲಿ ಮೊಳೆ ಹೊಡೆದು ಹತ್ತು ವರ್ಷ ಬಿಟ್ಟು ಬನ್ನಿ. ಮರ ಎಷ್ಟೇ ಎತ್ತರವಾಗಿರಲಿ, ಮೊಳೆ ನಾಲ್ಕು ಅಡಿಯಲ್ಲೇ ಇರುತ್ತದೆ.

ಆಡಿನ ಕಿವಿಯಲ್ಲಿ ಕೋಶ ಎರಡಾಗುವುದೇ ಇಲ್ಲ ಅಂತಲ್ಲ. ಗಾಯದ ಅಂಚಿನ ಚರ್ಮದ ಕೋಶಗಳು ಎರಡಾಗುತ್ತಾ, ಸರಿಯುತ್ತಾ ಬಂದು ಗಾಯ ಮುಚ್ಚುತ್ತವೆ. ಎದುರಿಂದ ಬಂದ ಕೋಶ ತಾಗಿದರೆ ನಿಲ್ಲಿಸುತ್ತವೆ. ನಿಲ್ಲಲೇಬೇಕು ಕೂಡ, ಇಂಥ ಕಡಿವಾಣಗಳು ತಪ್ಪಿದಾಗಲೇ ಕ್ಯಾನ್ಸರ್ ಗಡ್ಡೆ ಏಳುವುದು. ಚರ್ಮ ಕೂಡಿಕೊಳ್ಳುತ್ತದೆ, ಕತ್ತರಿಸಿ ಹೋದ ತುಂಡು ಮಾತ್ರ ಬರುವುದಿಲ್ಲ. ಎಲ್ಲ ಪ್ರಾಣಿಗಳೂ ಹೀಗೇ ಅಂತ ಹೇಳಲಾಗದು. ಮೊಲದ ಕಿವಿಗೆ ತೂತು ಮಾಡಿದರೆ ಅದು ತುಂಬಿಕೊಳ್ಳುತ್ತದೆ. ಹಲ್ಲಿಗೆ ಬಾಲ ಮತ್ತೆ ಬರುತ್ತದೆ, ಆದರೆ ಒಳಗೆ ಬೆನ್ನೆಲುಬಿನ ಮಣಿಗಳ ಬದಲು ಮೆದು ಎಲುಬಿನ ಕೊಳವೆ ಇರುತ್ತದೆ.

ಇನ್ನು ಕೋಶ ಎರಡಾಗುವ ಬಗೆ. ಶುರುವಿನಲ್ಲಿ ಗಿಡಕ್ಕೂ ಆಡಿಗೂ ಭೇದವಿಲ್ಲ. ಮೊದಲು ವರ್ಣತಂತುಗಳ, ಅಂದರೆ ಹುಟ್ಟುಗುಣ ಹೊತ್ತ ಕ್ರೋಮೋಸೋಮುಗಳ, ಪ್ರತಿ ತಯಾರಾಗಬೇಕು. ತೊಗರಿಗೆ 22, ಆಡಿಗೆ 60, ನಮಗೆ 46. (ನಿಮ್ಮ ಹೊಲದ ಹತ್ತಿಗೆ 52, ಹಾಗಾಗಿ ಲೆಕ್ಕ ನೋಡಿ ಬೀಗುವಂತಿಲ್ಲ.) ಆಮೇಲೆ ಒಂದೊಂದು ಪ್ರತಿ ಒಂದೊಂದು ಬದಿಗೆ ಸರಿಯುತ್ತದೆ. ಜರ್ಮನಿಯ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ ಸಾಲಮಾಂಡರ್ (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಪ್ರಾಣಿ) ಮರಿಗಳ ಕೋಶಕ್ಕೆ ಬಣ್ಣ ಹಾಕಿ ಇದನ್ನೆಲ್ಲ ನೋಡಿ, 1882ರಲ್ಲಿ ವಿವರವಾಗಿ ಬರೆದ. ನಿಮ್ಮ ಮಗಳು ಕಾಲೇಜಿನ ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿಯಲ್ಲೇ ನೋಡಬಹುದು.

ಭೇದ ಬರುವುದು ಕೊನೆಗೆ. ಆಡಿನ ಕೋಶದ ನಡುವೆ ಒಂದು ಉಂಗುರ ಮೂಡಿ, ಚೀಲದ ನಡುವಿಗೆ ಹುರಿ ಕಟ್ಟಿ ಎಳೆದ ಹಾಗೆ ಬಿಗಿಯುತ್ತಾ ಹೋಗಿ ಎರಡು ಮಾಡುತ್ತದೆ. ಸ್ನಾಯು ಎಳೆಯುವುದಕ್ಕೆ ಬೇಕಾದ ಆಕ್ಟಿನ್, ಮಯೋಸಿನ್ ಪ್ರೋಟೀನುಗಳದ್ದೇ ಇಲ್ಲೂ ಕೆಲಸ. ತೊಗರಿಯ ಕೋಶ ಹೀಗೆ ಬಿಗಿಯಲಾರದು, ಗೋಡೆ ಬಿಡುವುದಿಲ್ಲ. ಅದು ನಟ್ಟನಡುವೆ ಹೊಸ ಗೋಡೆ ಶುರು ಮಾಡಿ, ಹೊರಗಡೆಗೆ ಬೆಳೆಸುತ್ತಾ ಹಳೆ ಗೋಡೆಗೆ ಸೇರಿಸುತ್ತದೆ.

ಮಗಳು ಹೇಳಿದ “ಬೆಳೆದು ಎರಡಾಗುತ್ತದೆ” ಅನ್ನುವುದು ಅರ್ಧ ನಿಜ. ಬೆಳೆಯುವುದು, ಎರಡಾಗುವುದು ಬೇರೆ ಬೇರೆ ಕೆಲಸ, ಯಾವಾಗಲೂ ಜೊತೆಯಾಗಿ ನಡೆಯಬೇಕೆಂದಿಲ್ಲ. ತಾಯಿಯ ಹೊಟ್ಟೆಯಲ್ಲಿ ನಾವು ಮೊದಲ ನಾಲ್ಕೈದು ದಿನ ಎರಡು, ನಾಲ್ಕು, ಎಂಟು ಅಂತ ಕೋಶ ಹೆಚ್ಚಿಸಿಕೊಂಡೆವೇ ಹೊರತು ಗಾತ್ರದಲ್ಲಿ ಬೆಳೆಯಲಿಲ್ಲ. ಇದಕ್ಕೆ ಉಲ್ಟಾ ನೋಡಬೇಕೆಂದರೆ ನಿಮ್ಮ ಹತ್ತಿ ಹೊಲಕ್ಕೇ ಹೋಗಿ.

ರಾಯಚೂರು ಎಪಿಎಂಸಿಯಲ್ಲಿ ವ್ಯಾಪಾರಿ ಹಿಡಿ ಅರಳೆ ತೆಗೆದು, ಎರಡು ಕೈಯ ಬೆರಳಲ್ಲಿ ಎಳೆದು ಉದ್ದ ನೋಡುತ್ತಾನಲ್ಲ, ಆ ಒಂದೊಂದು ಎಳೆಯೂ ಒಂದೇ ಒಂದು ಕೋಶ. ಬಿಳಿಯಾಗಿ ಅರಳಿದ ಹೂವು ಮಾರನೇ ದಿನ ಕೆಂಪೇರುತ್ತದೆ. ಆ ಹೊತ್ತಿಗಾಗಲೇ ಒಳಗಿನ ಇನ್ನೂ ಬಲಿಯದ ಬೀಜದ ಸಿಪ್ಪೆಯ ಕೆಲವು ಕೋಶಗಳು ಎದ್ದು ನಿಂತಿರುತ್ತವೆ. ಸುಮಾರು ಮೂರು ವಾರ ಉದ್ದವಾಗುತ್ತಲೇ ಹೋಗುತ್ತವೆ. ಒಮ್ಮೆಯೂ ಎರಡಾಗುವುದಿಲ್ಲ. ಎರಡೂವರೆ, ಮೂರು ಸೆಂಟಿಮೀಟರ್ ಆದ ಮೇಲೆ ಗೋಡೆಯ ಒಳಮೈಗೆ ಸೆಲ್ಯುಲೋಸ್ ಪದರ ಪದರವಾಗಿ ಕೂರುತ್ತದೆ. ಕಾಯಿ ಒಡೆದಾಗ ಕೋಶ ಸತ್ತಿರುತ್ತದೆ. ನಾವು ಉಡುವುದು ಆ ಗೋಡೆಯನ್ನು.

ಇಷ್ಟುದ್ದ ಬೆಳೆಯಲು ಬೇಕಾದದ್ದು ಮುಖ್ಯವಾಗಿ ನೀರು. ಕೋಶದೊಳಗಿನ ರಸದಾನಿ ನೀರು ತುಂಬಿಕೊಂಡು ಒಳಗಿಂದ ಒತ್ತುತ್ತದೆ, ಗೋಡೆ ಸ್ವಲ್ಪ ಸಡಿಲವಾಗಿ ಹಿಗ್ಗುತ್ತದೆ. ಆಡಿನ ಕೋಶಕ್ಕೆ ಈ ದಾರಿ ಇಲ್ಲ. ಅದು ಪ್ರೋಟೀನು, ಕೊಬ್ಬು ಕೂಡಿಸಿಯೇ ಬೆಳೆಯಬೇಕು. ಕಾಯಿ ಬೆಳೆಯುವಾಗ ಹೊಲಕ್ಕೆ ನೀರು ಕಡಿಮೆಯಾದರೆ ಹತ್ತಿಯ ಎಳೆ ಗಿಡ್ಡವಾಗುವುದು ಈ ನೀರಿನ ಒತ್ತಡ ಸಾಲದ್ದಕ್ಕೇ.

ಈಗ ಟಾನಿಕ್. “ಕೋಶ ಜಾಸ್ತಿ ಮಾಡುತ್ತೆ” ಅನ್ನುವುದು ಸುಮ್ನೆ ಮಾತು. ಬಾಟಲಿಯ ಲೇಬಲ್ ಓದಿ. ಎನ್‌ಎಎ ಅಂತಿದ್ದರೆ ಅದು ಆಕ್ಸಿನ್ ಜಾತಿಯದು, ಮೊಗ್ಗು ಉದುರುವುದನ್ನು ತಡೆಯಲು ಹೊಡೆಯುತ್ತಾರೆ. ಮೆಪಿಕ್ವಾಟ್ ಕ್ಲೋರೈಡ್ ಅಂತಿದ್ದರೆ ಅದು ಬೆಳವಣಿಗೆಯನ್ನು ತಡೆಯುವ ವಸ್ತು! ವಿಪರೀತ ಎತ್ತರ ಹೋಗುವ ಹತ್ತಿಯನ್ನು ಗಿಡ್ಡ ಮಾಡಲು ಅದನ್ನು ಬಳಸುತ್ತಾರೆ. ಯಾವ ವಸ್ತು, ಎಷ್ಟು ಪ್ರಮಾಣ ಅಂತ ಬರೆದೇ ಇಲ್ಲದಿದ್ದರೆ ಮುಚ್ಚಳ ತೆಗೆಯದೆ ವಾಪಸ್ ಕೊಡಿ. ಬರೆದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ, ನಿಮ್ಮ ಬೆಳೆ ಈಗ ಯಾವ ಹಂತದಲ್ಲಿದೆ ಅಂತ ಹೇಳಿಯೇ ಕೇಳಿ. ಕಾಯಿ ಕಟ್ಟಿದ ಮೇಲೂ ಮಳೆ ಬಾರದೆ, ಕೃಷಿ ಹೊಂಡದಲ್ಲಿ ನಾಲ್ಕು ತಾಸಿನ ನೀರಿದ್ದರೆ, ನಾನಾದರೆ ಟಾನಿಕ್ಕಿನ ದುಡ್ಡನ್ನು ಪಂಪಿನ ಡೀಸೆಲ್‌ಗೆ ಹಾಕುತ್ತೇನೆ.